ಎರಡನೇ ಸ್ಲ್ಯಾಬಿನ ಮೂರನೇ ದಿನ

"ಕೊನೇ ಸಲ ಹೊರಗಾಗಿದ್ದು ಯಾವಾಗ?" ಎಂದು ಲೀಲಾಕ್ಷಿ ಕೇಳಿದಳು.

"ಎರಡನೇ ಸ್ಲ್ಯಾಬಿನ ಮೂರನೇ ದಿನ್ರಿ," ಎಂದಳು ಸಾಬವ್ವ.

ಲೀಲಾಕ್ಷಿಯ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ಬಿಳಿ ಸೀರೆಯ ಈ ನರ್ಸಬಾಯಿ ವಿಜಾಪುರದವಳು. ಪುಣೆಯ ಆ ಸರಕಾರಿ ಆಸ್ಪತ್ರೆಯ ಹೆಂಗಸರ ವಿಭಾಗದಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ. ಆರು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಗೆ ಬಗೆಬಗೆಯ ಉತ್ತರ ಕೇಳಿದ್ದಳು. ದೀಪಾವಳಿಯ ಪಾಡ್ಯ ಅಂದವರಿದ್ದರು, ನಾದಿನಿಗೆ ಅರಿಸಿನ ಹಚ್ಚಿದ ದಿನ ಅಂದವರಿದ್ದರು, ಎಮ್ಮೆ ಈದ ಮರುದಿನ ಅಂದವಳೂ ಒಬ್ಬಳಿದ್ದಳು. ಸ್ಲ್ಯಾಬಿನ ಲೆಕ್ಕ ಕೊಟ್ಟವರು ಈವರೆಗೆ ಯಾರೂ ಇರಲಿಲ್ಲ.

"ಯಾವ ಸ್ಲ್ಯಾಬು?"

"ಕೋಥರೂಡಿಂದು. ಸ್ಲ್ಯಾಬ್ ಹಾಕಿದ ದಿನ ಚಲೋ ಇದ್ದೆ. ಮರುದಿನಾನೂ ಚಲೋ ಇದ್ದೆ. ಮೂರನೇ ದಿನ ಮ್ಯಾಲ ಮಣ್ಣಿನ ಬದು ಕಟ್ಟಿ ನೀರು ನಿಲ್ಲಸಾಕತ್ತಿದ್ವಿ ನೋಡ್ರಿ, ಆವಾಗ."

ಸಾಬವ್ವನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಯಾದಗಿರಿಯ ಕಡೆಯ ಊರು ಬಿಟ್ಟು ಎಂಟು ವರ್ಷವಾಗಿತ್ತು. ಎಂಟು ವರ್ಷವೂ ಅವಳು ತಲೆಯ ಮೇಲೆ ಕಾಂಕ್ರೀಟಿನ ಪುಟ್ಟಿ ಹೊತ್ತು ಏಣಿ ಹತ್ತಿದ್ದಳು. ದೊಡ್ಡ ಮಗ ಹುಟ್ಟಿದ್ದು ಬಾರಾಮತಿಯ ಗೋದಾಮಿನ ಪಾಯ ತೋಡುವಾಗ. ಮಗಳು ಹುಟ್ಟಿದ್ದು ಅದೇ ಗೋದಾಮಿನ ತಗಡು ಏರಿಸುವಾಗ. ಮೂರನೆಯವನು ಶಿರೂರಿನ ನೀರಿನ ಟಾಕಿಯ ಅರ್ಧಕ್ಕೆ. ಒಂದು ಊರಿನ ಕಟ್ಟಡ ಮುಗಿದರೆ ಆ ಊರಿನ ಪಂಚಾಂಗವೂ ಮುಗಿಯಿತು. ಇನ್ನೊಂದು ಊರು, ಇನ್ನೊಂದು ಪಾಯ, ಮತ್ತೆ ಒಂದರಿಂದ ಎಣಿಕೆ.

ಶಿರೂರಿನ ಮೂರನೆಯವನು ಹುಟ್ಟುವಾಗಲೇ ಎಡವಟ್ಟಾಗಿದ್ದು. ಮಗು ಬಂತು, ರಕ್ತ ನಿಲ್ಲಲಿಲ್ಲ. ಅಲ್ಲಿಯ ಡಾಕ್ಟರು ಬಾಟಲಿಯ ಮೇಲೆ ಬಾಟಲಿ ಏರಿಸಿ, ಬೆವರು ಒರೆಸಿಕೊಂಡು, ಗಂಡ ಲಾಲಪ್ಪನನ್ನು ಹೊರಗೆ ಕರೆದು, "ಇನ್ನೊಂದು ಹೆರಿಗೆ ಅಂದರೆ ಈಕೆ ಉಳಿಯುತ್ತಾಳೆಂದು ನಾನು ಹೇಳಲಾರೆ," ಎಂದಿದ್ದರು. ಲಾಲಪ್ಪ ಆ ಮಾತನ್ನು ಒಳಗೆ ಬಂದು ಹೇಳಲಿಲ್ಲ. ಎರಡು ದಿನ ಮುಖವನ್ನೇ ಎತ್ತಲಿಲ್ಲ. ಅವಳಿಗೆ ಅಷ್ಟರಲ್ಲೇ ಗೊತ್ತಾಗಿತ್ತು. ಹದಿನಾಲ್ಕು ತಿಂಗಳಾಗಿತ್ತು ಅದಕ್ಕೆ. ಈಗ ಮತ್ತೆ ಹೊಟ್ಟೆಯಲ್ಲಿ ಒಂದು.

ಡಾಕ್ಟರಬಾಯಿ ಮರಾಠಿಯವರು. ಗಿಡ್ಡ ಆಳು, ಕೈಯಲ್ಲಿ ಗಂಡಸರ ಗಡಿಯಾರ, ಮಾತು ಗುಂಡು ಹೊಡೆದ ಹಾಗೆ. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಶಿರೂರಿನ ಕಥೆಯನ್ನು ಲೀಲಾಕ್ಷಿಯ ಬಾಯಿಂದ ಕೇಳಿದರು. ಆಮೇಲೆ ಹೇಳಿದ್ದನ್ನು ಲೀಲಾಕ್ಷಿ ಕನ್ನಡಕ್ಕೆ ತಂದಳು:

"ತಗಸಬಹುದು ಅಂತಾರ. ನಿನ್ನ ಜೀವಕ್ಕ ಧಕ್ಕಿ ಅದ ಅಂದ್ರ ತಗಸಾಕ ಕಾಯಿದೆ ಅದ, ಏಳು ವರ್ಷ ಆತು ಬಂದು. ಆದ್ರ ಹನ್ನೆರಡು ವಾರದ ಒಳಗಿದ್ರ ಇವ್ರೊಬ್ರ ಡಾಕ್ಟರ್ ಸಾಕು. ಗುರುವಾರ ಮುಂಜಾನೆ ಬಂದ್ರ ಸಂಜೀಕ ಮನೀಗೆ. ಹನ್ನೆರಡು ದಾಟಿದ್ರ ಇಬ್ರು ಡಾಕ್ಟರ್ ಒಪ್ಪಬೇಕು, ಅದು ದೊಡ್ಡ ಕೆಲಸ, ರಕ್ತಾನೂ ಜಾಸ್ತಿ ಹೋಗ್ತದ. ನಿನ್ನ ಮೈಯಾಗ ರಕ್ತ ಎಲ್ಲದ ಹೋಗಾಕ?"

"ಈಗ ಎಷ್ಟು ವಾರ ಆಗ್ಯಾವ್ರಿ?"

"ಕೈಗೆ ಹನ್ನೊಂದು ಅನಸ್ತದಂತ, ಹನ್ನೆರಡೂ ಇರಬಹುದಂತ. ನಿನ್ನ ಸ್ಲ್ಯಾಬಿನ ತಾರೀಖು ತಂದುಕೊಡು, ನಾ ಎಣಿಸಿ ಹೇಳ್ತೀನಿ."

ಅಂದು ಸೋಮವಾರ. ಇಂಥ ಕೆಲಸಕ್ಕೆ ಆಸ್ಪತ್ರೆಯಲ್ಲಿ ವಾರಕ್ಕೊಂದೇ ದಿನ, ಗುರುವಾರ.

ಹೊರಗೆ ಮೇಜಿನ ಹಿಂದೆ ಕುಳಿತಿದ್ದ ಕಾರಕೂನ ಇನ್ನೊಂದು ಕೆಲಸ ಕೊಟ್ಟ. ಅವನು ಹೆಬ್ಬೆಟ್ಟಿನ ಮಸಿ ಪ್ಯಾಡನ್ನು ಡ್ರಾವರಿನಲ್ಲಿ ಬೀಗ ಹಾಕಿ ಇಡುವ ಮನುಷ್ಯ. ಸಾಬವ್ವನ ಕೇಸ್ ಪೇಪರು ನೋಡಿ, ತಲೆ ಎತ್ತದೆ, ಗಂಡನ ಸಹಿ ಬೇಕು ಎಂದ. ಸಹಿ ಬಾರದಿದ್ದರೆ ಹೆಬ್ಬೆಟ್ಟು. ಹೆಬ್ಬೆಟ್ಟಿನ ಜೊತೆ ಗಂಡನೂ ಬರಬೇಕು.

ಹೀಗೆ ಅವಳು ಎರಡು ಸಾಮಾನು ತರಲು ಕಟ್ಟಡ ಏಳುತ್ತಿದ್ದ ಕೋಥರೂಡಿನ ಗುಡಿಸಲಿಗೆ ಹಿಂದಿರುಗಿದಳು: ಒಂದು ತಾರೀಖು, ಒಂದು ಗಂಡ.

ತಾರೀಖು ಸುಲಭವಾಗಿತ್ತು. ಸ್ಲ್ಯಾಬು ಹಾಕಿದ ದಿನವನ್ನು ಎಂಜಿನಿಯರು ತೊಲೆಯ ಮಗ್ಗುಲಿಗೆ ಕೆಂಪು ಬಣ್ಣದಲ್ಲಿ ಬರೆಸುತ್ತಿದ್ದ. ಎಷ್ಟು ದಿನ ನೀರು ನಿಲ್ಲಿಸಬೇಕು, ಯಾವಾಗ ಹಲಗೆ ಬಿಚ್ಚಬೇಕು ಎನ್ನುವ ಲೆಕ್ಕಕ್ಕೆ. ಸಾಬವ್ವ ದಿನಾ ಆ ತೊಲೆಯ ಕೆಳಗೇ ಓಡಾಡುವವಳು. ಓದಲು ಬರುತ್ತಿರಲಿಲ್ಲ. ಯಾರಿಗಾದರೂ ಓದಲು ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಒಬ್ಬರಿಗೆ ಹೇಳಿದರೆ ಸಂಜೆಯೊಳಗೆ ಎಲ್ಲ ಗುಡಿಸಲಿಗೂ ತಲುಪುತ್ತದೆ. ಪಕ್ಕದ ಕಟ್ಟಡದ ರಾಶಿಯಿಂದ ಒಡೆದ ಟೈಲಿನ ತುಂಡೊಂದನ್ನು ತಂದಳು. ಬೆನ್ನಿನ ಒರಟು ಕಡೆ ಮೇಲೆ ಮಾಡಿ, ಇದ್ದಿಲಿನಿಂದ, ಅಂಗಳದಲ್ಲಿ ರಂಗೋಲಿ ಇಳಿಸುವ ಹಾಗೆ ಕೆಂಪು ಗೆರೆಗಳನ್ನು ಒಂದೊಂದಾಗಿ ಇಳಿಸಿಕೊಂಡಳು. ಒಂದು ಕೋಲು. ಒಂದು ಕುರ್ಚಿಯಂಥದು. ಅಡ್ಡಗೆರೆ. ಮತ್ತೆ ಕೋಲು, ಕತ್ತು ಬಗ್ಗಿಸಿದ ಬಾತುಕೋಳಿ. ಅಡ್ಡಗೆರೆ. ಕುಡುಗೋಲು. ಕೊನೆಗೆ ಒಂದರ ಮೇಲೊಂದು ಎರಡು ಉಂಗುರ.

ಗಂಡನ ಕೆಲಸ ಅಷ್ಟು ಸುಲಭವಾಗಲಿಲ್ಲ.

ಲಾಲಪ್ಪ ಕಬ್ಬಿಣದ ಸಳಿ ಕಟ್ಟುವವನು. ಐದು ಮಹಡಿ ಎತ್ತರದಲ್ಲಿ ಒಂದು ಹಲಗೆಯ ಮೇಲೆ ನಿಂತು ಬೀಡಿ ಹಚ್ಚಬಲ್ಲ. ಅವನಿಗೆ ಜಗತ್ತಿನಲ್ಲಿ ಒಂದೇ ಒಂದು ಹೆದರಿಕೆ, ಅದು ಆಸ್ಪತ್ರೆಯ ಕಾಗದ. ಮೂರು ವರ್ಷದ ಹಿಂದೆ, ದೇಶದ ತುಂಬ ಗಂಡಸರನ್ನು ಹಿಡಿಹಿಡಿದು ಮಕ್ಕಳಾಗದ ಹಾಗೆ ಆಪರೇಷನ್ ಮಾಡುತ್ತಿದ್ದ ಕಾಲದಲ್ಲಿ, ಬಾರಾಮತಿಯ ಕೆಲಸದ ಮೇಲೆ ಒಂದು ಜೀಪು ಬಂದಿತ್ತು. ಅಣ್ಣ ಭೀಮಣ್ಣ ನಿಂತು, "ಏನ್ರಿ ಸಾಹೇಬ್ರ?" ಎಂದು ವಿಚಾರಿಸಿದ. ಅವನನ್ನು ಹತ್ತಿಸಿಕೊಂಡು ಹೋದರು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಂಜೆ ಒಂದು ಡಾಲ್ಡಾ ಡಬ್ಬಿ ಕೊಟ್ಟು ಕಳಿಸಿದರು. ಲಾಲಪ್ಪ ವಿಚಾರಿಸುವ ಗೋಜಿಗೆ ಹೋಗದೆ ಕಬ್ಬಿನ ಗದ್ದೆ ಹೊಕ್ಕಿದ್ದ. ಹೊರಗೆ ಬಂದಾಗ ಮೈತುಂಬ ಗೀರು, ಒಂದೇ ಕಾಲಿಗೆ ಚಪ್ಪಲಿ.

"ನಿನಗ ಏನ ಮಾಡಬೇಕು ಅಂತದ ಮಾಡು," ಎಂದ ಈಗ, ರೊಟ್ಟಿ ಮುರಿಯುತ್ತ. "ನಾ ಬ್ಯಾಡ ಅನ್ನೂದಿಲ್ಲ. ಶಿರೂರಿನ್ಯಾಗ ನಾ ನೋಡೀನಿ. ಆದ್ರ ಹೆಬ್ಬೆಟ್ಟು ಒತ್ತೂದಿಲ್ಲ."

"ನಿನಗ ಯಾರೂ ಏನೂ ಮಾಡಂಗಿಲ್ಲ. ಅದು ನನ್ನ ಕಾಗದ."

"ಭೀಮಣ್ಣಗೂ ಹಿಂಗಽ ಅಂದಿದ್ರು. ಬರೇ ಕಾಗದ ಅಂದಿದ್ರು."

"ಆವಾಗಿನ ಸರಕಾರ ಬಿದ್ದು ಹೋಗೇದ."

"ಸರಕಾರ ಬಿದ್ದದ. ಡಾಕ್ಟರ್ ಬಿದ್ದಾರೇನು? ಅವರ ಕತ್ತರಿ ಬಿದ್ದದೇನು?"

ಸಾಬವ್ವನಿಗೆ ನಗು ಬಂತು, ಸಿಟ್ಟೂ ಬಂತು. ಮಂಗಳವಾರ ಬೆಳಿಗ್ಗೆ ಅವಳು ನೀರು ತರಲು ಹೋಗಿ ಬರುವಷ್ಟರಲ್ಲಿ ಲಾಲಪ್ಪ ಇರಲಿಲ್ಲ. ಭೋಸರಿಯಲ್ಲಿ ಕಾರಖಾನೆಯೊಂದರ ಷೆಡ್ಡು ಏಳುತ್ತಿದೆ, ಚಿಕ್ಕಪ್ಪನ ಮಗ ಈರಣ್ಣ ಕರೆದಿದ್ದಾನೆ, ಎರಡು ದಿನದ ಕೆಲಸ ಎಂದು ಪಕ್ಕದ ಗುಡಿಸಲಿನ ಯಂಕವ್ವನ ಹತ್ತಿರ ಹೇಳಿ ಹೋಗಿದ್ದ.

"ಗುರುವಾರ ಸಂಜೀ ಮಟಾ ಬರಂಗಿಲ್ಲ ಅಂದ," ಎಂದಳು ಯಂಕವ್ವ. "ಜೀಪ್ ಏನರ ಬಂದಿತ್ತೇನ, ಅಂತ ಬ್ಯಾರೇ ಕೇಳಿದ."

ಸಾಬವ್ವ ಕೊಡ ಇಳಿಸಿ ಕುಳಿತಳು. ಗುರುವಾರ ಹೋದರೆ ಮುಂದಿನ ಗುರುವಾರ. ಇಬ್ಬರು ಡಾಕ್ಟರು, ಜಾಸ್ತಿ ರಕ್ತ. ಮೂರೂ ಮಕ್ಕಳು ಎದುರಿಗೇ ಮಣ್ಣಿನಲ್ಲಿ ಆಡುತ್ತಿದ್ದವು. ಚಿಕ್ಕವನು ಜಲ್ಲಿಕಲ್ಲು ಬಾಯಿಗೆ ಹಾಕಿಕೊಂಡಿದ್ದ. ಅದನ್ನು ಬೆರಳಿನಿಂದ ತೆಗೆಯುತ್ತ ಅವಳು ಯೋಚಿಸಿದಳು. ಗಂಡನ ಹೆಬ್ಬೆಟ್ಟು ಇಲ್ಲದಾಗ ಏನು ಮಾಡುತ್ತಾರೆ? ಉತ್ತರ ತಕ್ಷಣ ಹೊಳೆಯಿತು, ಯಾಕೆಂದರೆ ಎಂಟು ವರ್ಷದಿಂದ ಅದನ್ನೇ ಮಾಡುತ್ತ ಬಂದಿದ್ದರು. ಮುಕಾದಮನನ್ನು ಕರೆಯುತ್ತಾರೆ.

ಮುಕಾದಮ ಗುರಣ್ಣ ಊರಿಂದ ಈ ನಲವತ್ತು ಮಂದಿಯ ಗ್ಯಾಂಗು ಕಟ್ಟಿಕೊಂಡು ಬಂದವನು. ಹಾಜರಿ ಪುಸ್ತಕದಲ್ಲಿ ಎಲ್ಲರ ಪರವಾಗಿ ಅವನೇ ಸಹಿ ಮಾಡುತ್ತಿದ್ದ. ರೇಶನ್ ಕಾರ್ಡಿಗೂ ಅವನೇ, ಪೊಲೀಸ್ ಚೌಕಿಯಲ್ಲೂ ಅವನೇ, ಯಂಕವ್ವನ ಮಗನನ್ನು ಶಾಲೆಗೆ ಹಾಕುವಾಗ ತಂದೆಯ ಜಾಗದಲ್ಲೂ ಅವನೇ. ಜೀಪಿನವರು ಒಯ್ದ ಭೀಮಣ್ಣನನ್ನು ಬಿಟ್ಟರೆ ಆ ನಲವತ್ತು ಜನರಲ್ಲಿ ಯಾರೊಬ್ಬರೂ ತಮ್ಮ ಸ್ವಂತ ಹೆಬ್ಬೆರಳನ್ನು ಮಸಿಗೆ ಅದ್ದಿರಲಿಲ್ಲ. ಅದರ ಅಗತ್ಯ ಇದೆಯೆಂದು ಗ್ಯಾಂಗಿನಲ್ಲಿ ಯಾರಿಗೂ ಅನಿಸಿರಲಿಲ್ಲ, ಸಾಬವ್ವನಿಗೂ.

"ಯಣ್ಣಾ, ದವಾಖಾನಿಯೊಳಗ ಒಂದು ಕಾಗದಕ್ಕ ಸಹಿ ಬೇಕಂತ. ಅವ್ರು ಊರಾಗಿಲ್ಲ. ನೀ ಬಾ."

"ಎಂಥಾ ಕಾಗದ?"

"ಹೆಣ್ಮಕ್ಕಳ ಜಡ್ಡಿಂದು."

ಹೆಣ್ಣುಮಕ್ಕಳ ಜಡ್ಡು ಎಂದ ಮೇಲೆ ಗುರಣ್ಣ ಮುಂದೆ ಕೇಳಲಿಲ್ಲ. ಬುಧವಾರ ಬೆಳಿಗ್ಗೆ ಅವನು ಮಾರ್ಚಿನ ಆ ಬಿಸಿಲಲ್ಲಿ ಕಪ್ಪು ಕೋಟು ಹಾಕಿಕೊಂಡು ಸಿದ್ಧನಾದ. ಸಹಿ ಮಾಡುವ ದಿನವೆಲ್ಲ ಅವನು ಕೋಟು ಹಾಕುತ್ತಿದ್ದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಶನಿವಾರದ ನಾಲ್ಕನೇ ಸ್ಲ್ಯಾಬಿನ ಬಗ್ಗೆ ಮಾತಾಡಿದ: ಮಿಕ್ಸರ್ ಎರಡು ಬರುತ್ತವೆ, ಒಂದು ಆಳೂ ಕಡಿಮೆ ಆಗಕೂಡದು. ಸಾಬವ್ವ ಸೆರಗಿನೊಳಗೆ ಟೈಲು ಹಿಡಿದು ಹೂಂಗುಟ್ಟುತ್ತ ಕುಳಿತಿದ್ದಳು.

ಟೈಲು ನೋಡಿ ಲೀಲಾಕ್ಷಿ ಮೊದಲು ಬಾಯಿಗೆ ಕೈ ಅಡ್ಡ ಇಟ್ಟಳು. ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು.

"ಡಿಸೆಂಬರ್ ಹದಿನಾಲ್ಕು, ಎಪ್ಪತ್ತೆಂಟು. ಮೂರನೇ ದಿನ ಅಂದ್ರ ಹದಿನಾರು." ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ, ಪೆನ್ನಿನ ತುದಿಯಿಂದ ವಾರಗಳನ್ನು ಕುಟ್ಟುತ್ತ ಎಣಿಸಿದಳು. ಸಾಬವ್ವ ಅವಳ ತುಟಿಗಳನ್ನೇ ನೋಡುತ್ತಿದ್ದಳು. "ನಾಳೆ ಗುರುವಾರಕ್ಕ ಹನ್ನೊಂದು ವಾರ, ಐದು ದಿನ."

"ಒಳಗದೋ, ಹೊರಗದೋ?"

"ಒಳಗ. ಎರಡು ದಿನ ಒಳಗ. ನಾಳೆ ಆಗಽಬೇಕು, ಸಾಬವ್ವಾ. ತಪ್ಪಿಸಬ್ಯಾಡ."

ಅಲ್ಲಿಂದ ಕಾರಕೂನನ ಮೇಜಿಗೆ. ಕಾರಕೂನ ಕೋಟು ನೋಡಿ ಕುರ್ಚಿ ತೋರಿಸಿದ. ಗುರಣ್ಣ ಕುಳಿತು, ಮರಾಠಿಯಲ್ಲಿ, ತಾನು ಈಕೆಯ ಗಂಡನಲ್ಲ, ಮುಕಾದಮ, ನಲವತ್ತು ಮಂದಿಯ ಜವಾಬ್ದಾರಿ ತನ್ನದು, ಸಹಿ ಎಲ್ಲಿ ಎಂದು ಕೇಳಿದ. ಕಾರಕೂನ ಒಂದು ಕ್ಷಣ ಯೋಚಿಸಿ ತಲೆಯಾಡಿಸಿದ. ಗಂಡಸರ ಸಹಿ ಒಂದು ಬಿದ್ದರೆ ಅವನಿಗೆ ಸಾಕಾಗಿತ್ತು. ನಾಳೆ ಯಾರಾದರೂ ಬಂದು ಗಲಾಟೆ ಮಾಡಿದರೆ ಬೆರಳು ತೋರಿಸಲು ಒಬ್ಬ ಬೇಕು, ಅಷ್ಟೇ. ಡ್ರಾವರಿನ ಬೀಗ ತೆಗೆದು ಫಾರ್ಮು ಮುಂದಿಟ್ಟ. ಗುರಣ್ಣ ಪೆನ್ನಿನ ಟೊಪ್ಪಿ ಬಿಚ್ಚಿದ. ಅವನ ಸಹಿಗೆ ಚೇಳಿನಂಥ ಒಂದು ಬಾಲವಿತ್ತು. ಅದಕ್ಕೆ ಎಷ್ಟು ಜಾಗ ಬೇಕೆಂದು ಕಾಗದವನ್ನು ಅಳೆದು ನೋಡಿದ.

ಸಾಬವ್ವ ಉಸಿರು ಬಿಟ್ಟಳು. ಆಯಿತು ಅನಿಸಿತು.

"ಅಂದಹಾಂಗ ಇದು ಯಾತರ ಕಾಗದ್ರಿ?" ಎಂದು ಗುರಣ್ಣ ಬರೀ ಮರ್ಯಾದೆಗೆ ಕೇಳಿದ. ಕಾರಕೂನ ಇಡೀ ವರಾಂಡಕ್ಕೆ ಕೇಳುವ ಹಾಗೆ ಹೇಳಿದ.

ಪೆನ್ನಿನ ಟೊಪ್ಪಿ ವಾಪಸು ಪೆನ್ನಿಗೆ ಕುಳಿತಿತು. ಬೆಂಚಿನ ಮೇಲಿದ್ದ ಏಳೆಂಟು ಹೆಂಗಸರು ಏಕಕಾಲಕ್ಕೆ ಸಾಬವ್ವನ ಕಡೆ ತಿರುಗಿದರು.

"ಹೆಣ್ಮಕ್ಕಳ ಜಡ್ಡಂದಿ!" ಗುರಣ್ಣನ ಮುಖ ಕೆಂಪಾಗಿತ್ತು, ಕೋಟಿನ ಸೆಕೆಗೋ ನಾಚಿಕೆಗೋ. "ಇದು ಜಡ್ಡೇನವಾ? ನಾಳೆ ನಿನಗೇನರ ಆದ್ರ ಪೊಲೀಸರು ಲಾಲಪ್ಪನ್ನ ಹಿಡಿಯಂಗಿಲ್ಲ, ನನ್ನ ಕೊಳ್ಳಪಟ್ಟಿ ಹಿಡೀತಾರ. ಊರಿಗೆ ಹೋಗಿ ನಿಮ್ಮಪ್ಪಗ ನಾ ಏನ ಹೇಳಲಿ? ಮ್ಯಾಲ ಶನಿವಾರ ಸ್ಲ್ಯಾಬ್!"

"ಯಣ್ಣಾ, ಇದಽ ಬಿಟ್ರ ನನಗ ಖರೇನ ಏನರ ಆಗ್ತದ. ಶಿರೂರಿನ ಡಾಕ್ಟರ್ ಹೇಳಿದ್ದು ನಿನಗೂ ಗೊತ್ತದ."

"ಗೊತ್ತದ. ಆದ್ರ ಆ ಮಾತಿಗೆ ನನ್ನ ಸಹಿ ಇಲ್ಲ. ಇದಕ್ಕ ಬೀಳ್ತದ. ಏಳು, ನಡಿ. ಲಾಲಪ್ಪ ಬರಲಿ, ಅವನಽ ಮಾಡಲಿ. ನಾ ಒಪ್ಪೂದಿಲ್ಲ."

ಕಾರಕೂನನಿಗೂ ಈಗ ಹುರುಪು ಬಂತು. ಜವಾಬ್ದಾರ ಮನುಷ್ಯನೇ ಒಪ್ಪುವುದಿಲ್ಲ ಎನ್ನುತ್ತಾನೆ, ಇನ್ನು ಕೇಸು ತೆಗೆದುಕೊಳ್ಳಲು ಬರುವುದಿಲ್ಲ ಎಂದು ಫಾರ್ಮನ್ನು ತನ್ನ ಕಡೆ ಎಳೆದ.

ಸಾಬವ್ವ ಏಳಲಿಲ್ಲ. ಎದುರಿಗಿದ್ದ ಕಾಗದವನ್ನೇ ನೋಡುತ್ತಿದ್ದಳು. ಅಲ್ಲಲ್ಲಿ ಅಚ್ಚಾದ ಸಾಲು, ಅಲ್ಲಲ್ಲಿ ಖಾಲಿ ಗೆರೆ. ಅಕ್ಷರ ಬಾರದಿದ್ದರೂ ಇಂಥ ಕಾಗದ ಅವಳಿಗೆ ಪೂರ್ತಿ ಅಪರಿಚಿತವಾಗಿರಲಿಲ್ಲ. ಪ್ರತಿ ಸ್ಲ್ಯಾಬಿನ ಹಿಂದಿನ ದಿನ ಎಂಜಿನಿಯರು ನೀಲಿ ನಕ್ಷೆ ಹರಡಿ ಲಾಲಪ್ಪ ಕಟ್ಟಿದ ಸಳಿಗಳನ್ನು ಒಂದೊಂದಾಗಿ ಎಣಿಸುತ್ತಿದ್ದ. ಒಮ್ಮೆ ಇದೇ ಗುರಣ್ಣ, ಇರಲಿ ಗಟ್ಟಿ ಆಗುತ್ತದೆ ಎಂದು ಎರಡು ಸಳಿ ಹೆಚ್ಚು ಕಟ್ಟಿಸಿದ್ದ. ಎಂಜಿನಿಯರು ಎರಡನ್ನೂ ಬಿಚ್ಚಿಸಿ ಹಾಕಿದ. ನಕ್ಷೆಯಲ್ಲಿ ಎಲ್ಲಿದೆ ತೋರಿಸು ಎಂದಿದ್ದ. ಗುರಣ್ಣ ಆ ದಿನ ನಕ್ಷೆಯ ಮೇಲೆಲ್ಲ ಬೆರಳಾಡಿಸಿ, ಕೊನೆಗೆ ಆ ಬೆರಳಿನಿಂದಲೇ ಕಿವಿ ತುರಿಸಿಕೊಂಡಿದ್ದ.

"ಅಕ್ಕಾರ," ಎಂದು ಅವಳು ಬಾಗಿಲಲ್ಲಿ ನಿಂತಿದ್ದ ಲೀಲಾಕ್ಷಿಯನ್ನು ಕರೆದಳು. "ಈ ಕಾಗದ ಮೊದಲಿಂದ ಕಡೀ ಮಟಾ ಓದ್ರಿ. ಒಂದಕ್ಷರ ಬಿಡಬ್ಯಾಡ್ರಿ."

ಲೀಲಾಕ್ಷಿ ಬಂದು ಫಾರ್ಮು ಎತ್ತಿಕೊಂಡಳು. ಕಾರಕೂನ ಏನೋ ಅಂದ; ಅವಳು ಕೇಳಿಸದವಳ ಹಾಗೆ ಕನ್ನಡದಲ್ಲಿ ಹೇಳತೊಡಗಿದಳು. "ನಾನು ಇಂಥಾಕಿ, ಇಂಥವರ ಮಗಳು ಇಲ್ಲಾ ಇಂಥವರ ಹೆಂಡತಿ, ವಯಸ್ಸು ಇಷ್ಟು, ಇಂಥಾ ಕಡೆ ಇರಾಕಿ, ನನ್ನ ಬಸುರು ತಗಸಾಕ ಒಪ್ಪಿಗಿ ಕೊಡತೀನಿ."

"ಮುಂದ?"

"ಜಾಗ, ತಾರೀಖು, ಸಹಿ."

"ಯಾರದು ಸಹಿ?"

"ನಿಂದು."

"ಅವರದು ಎಲ್ಲದ?"

ಲೀಲಾಕ್ಷಿ ಗೆರೆಗಳ ಮೇಲೆ ಬೆರಳಿಟ್ಟು ಹುಡುಕಿದಳು. ಈ ಫಾರ್ಮನ್ನು ಎಷ್ಟು ನೂರು ಸಲ ತುಂಬಿದ್ದಳೋ. ಗಂಡಂದಿರ ಸಹಿಗಳೆಲ್ಲ ಕಣ್ಣ ಮುಂದೆ ಬಂದವು: ಯಾವಾಗಲೂ ಅಂಚಿನಲ್ಲಿ, ಓರೆಯಾಗಿ, ಬಸ್ಸಿನ ಬಾಗಿಲಿಗೆ ಜೋತುಬಿದ್ದವರ ಹಾಗೆ. ಯಾಕೆ ಅಂಚಿನಲ್ಲಿ ಎಂದು ಅವಳು ಕೇಳಿಕೊಂಡಿರಲಿಲ್ಲ. ಅಚ್ಚಾದ ಕಾಗದದಲ್ಲಿ ಅವರಿಗೆ ಗೆರೆಯೇ ಇರಲಿಲ್ಲ. ಕಾಗದ ಮಗುಚಿದಳು. ಹಿಂದೆ ಖಾಲಿ.

"ಇಲ್ಲ," ಎಂದಳು.

"ಕಾಗದದಾಗ ಇಲ್ಲದ್ದು ಇವ್ರು ಯಾಕ ಕೇಳ್ತಾರ? ಇಲ್ಲಿಗೆ ಎಂಜಿನಿಯರ್ ಯಾರು? ಅವರನ್ನ ಕರೀರಿ."

ಎಂಜಿನಿಯರು ಅಂದರೆ ಡಾಕ್ಟರಬಾಯಿ. ಕರೆಯುವ ಅಗತ್ಯ ಬೀಳಲಿಲ್ಲ. ಗಲಾಟೆಗೆ ಅವರೇ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಿದ್ದರು. ಕಾರಕೂನ ಎದ್ದುನಿಂತು ಬೆರಳು ತೋರಿಸಿದ. ಫಾರ್ಮಿನ ತಳದಲ್ಲಿ, ನರ್ಸಬಾಯಿ ಓದದೆ ಬಿಟ್ಟ ಸಣ್ಣಕ್ಷರದಲ್ಲಿ, ಪಾಲಕರ ಸಹಿ ಎಂದು ಇದೆ, ನೋಡಿ! ಪಾಲಕ ಎಂಬ ಮಾತು ಕಿವಿಗೆ ಬಿದ್ದದ್ದೇ ಗುರಣ್ಣ ಎದೆಯುಬ್ಬಿಸಿ, "ಪಾಲಕ ನಾನಽ ಅಲ್ಲೇನ್ರಿ ಮತ್ತ!" ಎಂದ. ಸಹಿ ಮಾಡುವುದಿಲ್ಲ ಎಂದವನು, ಜಾಗ ಮಾತ್ರ ಬಿಟ್ಟುಕೊಡಲು ಸಿದ್ಧನಿರಲಿಲ್ಲ.

ಡಾಕ್ಟರಬಾಯಿ ಫಾರ್ಮು ತೆಗೆದುಕೊಂಡು ಆ ಸಾಲನ್ನು ಗಟ್ಟಿಯಾಗಿ ಓದಿದರು. ಪಾಲಕರ ಸಹಿ ಇಬ್ಬರಿಗೆ ಮಾತ್ರ: ಹದಿನೆಂಟು ತುಂಬದ ಹುಡುಗಿಗೆ, ಇಲ್ಲವೆ ಹುಚ್ಚು ಹಿಡಿದವಳಿಗೆ.

"ಇವಳು ಇಬ್ಬರಲ್ಲಿ ಯಾರು?" ಎಂದು ಕಾರಕೂನನನ್ನು ಕೇಳಿದರು.

ಲೀಲಾಕ್ಷಿ ಪ್ರಶ್ನೆಯನ್ನು ಸಾಬವ್ವನಿಗೆ ದಾಟಿಸಿದಳು. "ಹದಿನೆಂಟರ ಒಳಗಿನಾಕಿ ಏನು, ಹುಚ್ಚಿ ಏನು, ಅಂತ ಕೇಳ್ತಾರ."

"ಮೂರು ಹಡದೀನಿ, ಹದಿನೆಂಟು ಹೆಂಗ ಇರತಾವ್ರಿ," ಎಂದಳು ಸಾಬವ್ವ. "ಹುಚ್ಚಿ ಅಂದ್ರ, ಈ ಯಣ್ಣನ್ನ ಕರಕೊಂಡು ಬಂದೀನಲ್ಲ, ಅಷ್ಟು ಹುಚ್ಚಿ ಖರೇ."

ಬೆಂಚಿನ ಮೇಲಿದ್ದ ಸೋಲಾಪುರದ ಕಡೆಯ ಒಬ್ಬಳಿಗೆ ಅರ್ಥವಾಗಿ ಕಿಸಕ್ಕೆಂದಳು. ಅವಳು ಪಕ್ಕದವಳಿಗೆ ಮರಾಠಿಯಲ್ಲಿ ಹೇಳಿದಳು. ನಗು ಬೆಂಚಿನ ಆ ತುದಿಯವರೆಗೆ ಹೋಯಿತು.

ಕಾರಕೂನ ಸೋಲೊಪ್ಪಲಿಲ್ಲ. ಮೊದಲಿಂದ ಹೀಗೇ ನಡೆದುಬಂದಿದೆ, ನಾಳೆ ಗಂಡ ಬಂದು ಕೂಗಾಡಿದರೆ ಉತ್ತರ ಕೊಡುವವರು ಯಾರು ಎಂದ. ನಾನು ಕೊಡುತ್ತೇನೆ ಎಂದರು ಡಾಕ್ಟರಬಾಯಿ. ಕಾಯಿದೆ ಹೆಂಗಸಿನ ಒಪ್ಪಿಗೆ ಕೇಳುತ್ತದೆ, ಡಾಕ್ಟರಿನ ಅಭಿಪ್ರಾಯ ಕೇಳುತ್ತದೆ, ಮೂರನೆಯವರನ್ನು ಕೇಳುವುದಿಲ್ಲ. ಮತ್ತೆ ಇನ್ನೊಂದು. ಇವಳು ಯಾತಕ್ಕೆ ಬಂದಿದ್ದಾಳೆಂದು ವರಾಂಡಕ್ಕೆಲ್ಲ ಸಾರಿದ್ದು ಯಾರು? ಈ ಕೆಲಸದ ರಿಜಿಸ್ಟರು ಗುಟ್ಟಿನದು, ಅದನ್ನು ತೆರೆದು ತೋರಿಸಲು ಗಂಡನಿಗೂ ಹಕ್ಕಿಲ್ಲ, ಕೋಟಿನವರಿಗಂತೂ ಇಲ್ಲವೇ ಇಲ್ಲ. ತಾವೂ ಇಷ್ಟು ದಿನ ಅಂಚಿನ ಸಹಿಗಳನ್ನು ನೋಡಿ ಸುಮ್ಮನಿದ್ದುದು ನೆನಪಾಯಿತೋ ಏನೋ, ಕೊನೆಯ ಮಾತಿಗೆ ಅವರ ದನಿ ಸ್ವಲ್ಪ ಇಳಿಯಿತು. ಇನ್ನು ಮೇಲೆ ಅಂಚಿನಲ್ಲಿ ಏನೂ ಬರೆಸಬೇಡಿ ಎಂದರು.

ಗುರಣ್ಣ ಕೋಟಿನ ಗುಂಡಿ ಬಿಚ್ಚಿ ಹಾಕಿ, ಹಾಕಿ ಬಿಚ್ಚಿ, ಕೊನೆಗೆ ಸಾಬವ್ವನ ಕಡೆ ಬಗ್ಗಿದ. "ನಾ ಸಹಿ ಮಾಡಿಲ್ಲ, ನೆನಪಿಡು."

"ನೀ ಮಾಡಾಕ ಜಾಗಾನಽ ಇಲ್ಲ, ಯಣ್ಣಾ."

"ಶನಿವಾರ?"

"ಮೂರು ದಿನ ಭಾರ ಎತ್ತಬಾರದಂತ."

ಅವನು ಬೆರಳು ಮಡಚಿ ಎಣಿಸಿದ. ಶುಕ್ರವಾರ, ಶನಿವಾರ, ಭಾನುವಾರ. ತಲೆ ಕೊಡವಿದ. ಬಾಗಿಲವರೆಗೆ ಹೋಗಿ ಮತ್ತೆ ಬಂದು, ಬಸ್ಸಿಗೆ ಗೊತ್ತದಲ್ಲ ದಾರಿ, ಎಂದು ಕೇಳಿ ಹೋದ.

ಒಳಗಿನ ಕೋಣೆಯಲ್ಲಿ ಮೂವರೇ ಉಳಿದರು. ಡಾಕ್ಟರಬಾಯಿ ಬಾಗಿಲು ಹಾಕಿ, ಸ್ಟೂಲಿನ ಮೇಲೆ ಕುಳಿತು, ಈ ಸಲ ನಿಧಾನವಾಗಿ ಕೇಳಿದರು. ಲೀಲಾಕ್ಷಿಯೂ ಅಷ್ಟೇ ನಿಧಾನವಾಗಿ ಹೇಳಿದಳು: "ಗಂಡ ಏನಂತಾನ, ಮುಕಾದಮ ಏನಂತಾನ, ಬಿಡು. ನಿನಗ ಏನ ಬೇಕು?"

ಆಸ್ಪತ್ರೆಗೆ ಬಂದಾಗಿನಿಂದ ಅವಳನ್ನು ತಾರೀಖು ಕೇಳಿದ್ದರು, ವಯಸ್ಸು ಕೇಳಿದ್ದರು, ಗಂಡಸು ಎಲ್ಲಿ ಎಂದು ಕೇಳಿದ್ದರು. ಇದನ್ನು ಕೇಳಿರಲಿಲ್ಲ. ಹೊರಗಿನ ಹೆಂಗಸರ ಗುಜುಗುಜು ಬಾಗಿಲಿನಾಚೆ ಕೇಳುತ್ತಿತ್ತು.

"ಇದು ಬ್ಯಾಡ್ರಿ," ಎಂದಳು. "ಸಿಟ್ಟಿಲ್ಲ ಅದರ ಮ್ಯಾಲ. ಇನ್ನೊಂದು ಕೂಸು ಆಡಿಸಾಕ ನನಗೇನು ಬ್ಯಾಸರಿಲ್ಲ. ಆದ್ರ ಹುಟ್ಟಿದ ಮೂರಕ್ಕ ಅವ್ವ ಬೇಕು. ನನಗೂ ನಾ ಬೇಕು. ಎಂಟು ವರ್ಷದಾಗ ಇಷ್ಟು ಕಟ್ಟಡ ಕಟ್ಟೀನಿ, ಮುಗದ ಮ್ಯಾಲ ಹೆಂಗ ಕಾಣತಾವಂತ ಒಂದನೂ ಒಳಗ ಹೋಗಿ ನೋಡಿಲ್ಲ. ನೋಡಬೇಕಂತ ಆಸೆ ಅದ."

ಲೀಲಾಕ್ಷಿ ಕೊನೆಯ ಮಾತನ್ನೂ ಬಿಡದೆ ಅನುವಾದ ಮಾಡಿದಳು. ಡಾಕ್ಟರಬಾಯಿ ತಲೆಯಾಡಿಸಿ, ಇದರ ಜೊತೆಗೇ ಮಕ್ಕಳಾಗದ ಆಪರೇಷನ್ನೋ, ಗರ್ಭದೊಳಗೆ ಕೂರಿಸುವ ಲೂಪೋ ಬೇಕಾದರೆ ಮಾಡಬಹುದು, ಬೇಡ ಎಂದರೂ ನಾಳೆಯ ಕೆಲಸ ನಿಲ್ಲುವುದಿಲ್ಲ ಎಂದರು.

"ಅದನ್ನ ಕೂತು ವಿಚಾರ ಮಾಡಿ ಹೇಳ್ತೀನ್ರಿ. ಒಂದು ದಿನಕ್ಕ ಒಂದು ಹೆಬ್ಬೆಟ್ಟು ಸಾಕು."

ಲೀಲಾಕ್ಷಿ ಫಾರ್ಮು ತುಂಬಿದಳು. ಇಂಥವರ ಮಗಳು ಅಥವಾ ಇಂಥವರ ಹೆಂಡತಿ ಎಂಬಲ್ಲಿ ನಿಂತು ತಲೆ ಎತ್ತಿದಳು. ಗಂಡನ ಹೆಸರು ಸಾಬವ್ವ ಬಾಯಲ್ಲಿ ಹೇಳುವಂತಿರಲಿಲ್ಲ, ಯಾರ ಮುಂದೂ ಹೇಳಿರಲಿಲ್ಲ. "ಮಗಳು ಅಂತ ಬರೀರಿ. ಹೊಳಬಸಪ್ಪನ ಮಗಳು." ಬೀಗದ ಡ್ರಾವರಿನಿಂದ ಮಸಿ ಪ್ಯಾಡು ಬಂತು. ಪುಟ್ಟಿಯ ಅಂಚು ಹಿಡಿದು ಹಿಡಿದು ಅವಳ ಹೆಬ್ಬೆರಳು ಕಲ್ಲಾಗಿತ್ತು. ಮೊದಲ ಸಲ ಒತ್ತಿದಾಗ ಒಂದು ಕಪ್ಪು ಚುಕ್ಕೆ ಮಾತ್ರ ಮೂಡಿತು, ಗೆರೆಗಳಿಲ್ಲ. ಲೀಲಾಕ್ಷಿ ಒದ್ದೆ ಹತ್ತಿಯಿಂದ ಬೆರಳು ಉಜ್ಜಿ, ಎಣ್ಣೆ ಹಚ್ಚಿ, ಮತ್ತೆ ಉಜ್ಜಿದಳು. ಎರಡನೇ ಸಲಕ್ಕೆ ಗೆರೆಗಳು ಬಂದವು, ತೆಳ್ಳಗೆ. ಸಾಬವ್ವ ಕಾಗದವನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದಳು. ಹೆಚ್ಚು ಹೊತ್ತು ಹಿಡಿಯಲಿಲ್ಲ. ನೋವಿತ್ತು, ಹೆರಿಗೆಯಷ್ಟಲ್ಲ, ರಕ್ತವಿತ್ತು, ಅದು ನಿಂತಿತು. ನಿಂತಿತು ಎಂದು ಲೀಲಾಕ್ಷಿ ಎರಡು ಸಲ ಹೇಳಬೇಕಾಯಿತು. ಮಧ್ಯಾಹ್ನ ಅವಳಿಗೆ ಗಂಜಿ ಕೊಟ್ಟರು, ಕಬ್ಬಿಣಾಂಶದ ಗುಳಿಗೆಗಳ ಪೊಟ್ಟಣ ಕೊಟ್ಟರು. ಅವಳು ಗೋಡೆಯ ಕಡೆ ತಿರುಗಿ ಸ್ವಲ್ಪ ಅತ್ತಳು. ಯಾಕೆಂದು ಯಾರೂ ಕೇಳಲಿಲ್ಲ, ಅದೂ ಅವಳಿಗೆ ಹಿತವಾಯಿತು. ಆಮೇಲೆ ನಿದ್ದೆ ಬಂತು, ಹಗಲು ನಿದ್ದೆ, ಎಂಟು ವರ್ಷದಲ್ಲಿ ಮೊದಲನೆಯದು.

ಐದು ಗಂಟೆಗೆ ಹೊರಗೆ ಬಂದಾಗ ರಸ್ತೆಯ ಆಚೆ, ದ್ರಾಕ್ಷಿ ಮಾರುವ ಗಾಡಿಯ ಹಿಂದೆ, ಲಾಲಪ್ಪ ನಿಂತಿದ್ದ. ಚಿಕ್ಕವನು ಅವನ ಹೆಗಲ ಮೇಲಿದ್ದ. ಆಸ್ಪತ್ರೆಯ ಗೇಟಿನಿಂದ ಅವನು ಇಟ್ಟುಕೊಂಡ ಅಂತರ ಸರಿಯಾಗಿ ಓಡಲು ಬೇಕಾದಷ್ಟಿತ್ತು. ಅವಳು ಕೈಸನ್ನೆ ಮಾಡಿದರೂ ದಾಟಿ ಬರಲಿಲ್ಲ. ಅವಳೇ ನಿಧಾನವಾಗಿ ದಾಟಿದಳು.

"ಆತೇನು?" ಎಂದ.

"ಆತು."

"ಚಲೋ ಇದ್ದೀಯೇನ?"

"ಚಲೋ ಅದೀನಿ."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ, ಕಾಲ ಬಳಿ ಸೀರೆಯ ಅಂಚನ್ನೂ ನೋಡಿದ. ಶಿರೂರಿನಲ್ಲಿ ಹಾಗೆ ನೋಡಿದ್ದು ನೆನಪಿರಬೇಕು. ಭುಜ ಸ್ವಲ್ಪ ಕೆಳಗಿಳಿಯಿತು. ಆಮೇಲೆ ಗೇಟಿನ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ನನ್ನ ಹೆಬ್ಬೆಟ್ಟು?"

"ಬೇಕಾಗಿಲ್ಲ."

"ಗುರಣ್ಣಂದು?"

"ಅದೂ ಬೇಕಾಗಿಲ್ಲ. ನಂದಽ ಸಾಕಂತ. ಕಾಯಿದೇನಽ ಹಂಗ ಅದ."

"ನನ್ನ ಹೆಸರು ಬರಕೊಂಡ್ರೇನು?"

"ನಿನ್ನ ಹೆಸರಽ ಎತ್ತಲಿಲ್ಲ."

ಲಾಲಪ್ಪನ ಮುಖ ಮೊದಲು ಬಿಚ್ಚಿಕೊಂಡಿತು. ಎರಡು ದಿನ ಭೋಸರಿಯಲ್ಲಿ ತಗಡಿನ ಮೇಲೆ ಕುಳಿತು ಜೀಪಿನ ಸದ್ದಿಗೆ ಕಿವಿಗೊಟ್ಟವನು ಈಗ ನೆಟ್ಟಗೆ ನಿಂತ. ಮಗುವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. ಬಸ್ ಸ್ಟಾಪಿನ ಕಡೆ ನಾಲ್ಕು ಹೆಜ್ಜೆ ನಡೆದ. ಆಮೇಲೆ ನಿಂತು ತಿರುಗಿದ. ಏನೋ ಒಂದು ಸಮಾಧಾನವಾಗದೆ ಉಳಿದುಕೊಂಡಿತ್ತು.

"ಒಬ್ಬರೂ ಕೇಳಲಿಲ್ಲಾ?" ಎಂದ. "ಈಕಿಗೆ ಗಂಡ ಅದಾನಿಲ್ಲ, ಅವ ಏನಂತಾನ, ಅಂತ ಒಂದು ಮಾತಿಗೂ?"

ಸಾಬವ್ವನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಕೆಳಹೊಟ್ಟೆ ಹಿಡಿದುಕೊಂಡಂತೆ ನೋಯುತ್ತಿತ್ತು. ಒಂದು ಕೈಯಿಂದ ಅದನ್ನು ಒತ್ತಿಕೊಂಡು, ಇನ್ನೊಂದರಿಂದ ಗಾಡಿಯ ಕಂಬ ಹಿಡಿದು ನಕ್ಕಳು.

"ನಾ ಕೇಳ್ತೀನಿ," ಎಂದಳು ಉಸಿರು ತಂದುಕೊಂಡು. "ಹೇಳು, ಏನಂತೀ?"

ಲಾಲಪ್ಪ ಯೋಚಿಸಿದ. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತ್ತು, ಜನ ಆಗಲೇ ಬಾಗಿಲಿಗೆ ಜೋತುಬಿದ್ದಿದ್ದರು.

"ಅದು ಭಾಳ ತುಂಬೇದ," ಎಂದ. "ರಿಕ್ಷಾ ಮಾಡೂಣೇನು?"

ಪುಣೆಗೆ ಬಂದಾಗಿನಿಂದ ಅವರು ರಿಕ್ಷಾ ಹತ್ತಿರಲಿಲ್ಲ. "ಮಾಡು," ಎಂದಳು ಸಾಬವ್ವ. ರಿಕ್ಷಾ ಬಂದು ನಿಂತಾಗ ಮೊದಲು ತಾನು ಹತ್ತಿ, ಸರಿದು ಕುಳಿತು, ಅವನಿಗೆ ಜಾಗ ಮಾಡಿಕೊಟ್ಟಳು.